ಲ್ಯಾಕ್ರಾಸ್ ಆಡುವ ಮಗಳು, ಕಾಲೇಜ್ ಫೀಸು, ಮನೆಯಲ್ಲಿ ಜಗಳ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ದಾವಣಗೆರೆ ಕಡೆಯವರು. ಹತ್ತು ವರ್ಷದಿಂದ ಮೇರಿಲ್ಯಾಂಡ್‌ನ ಎಲಿಕಾಟ್ ಸಿಟಿಯಲ್ಲಿದ್ದೇವೆ. ಮಗಳು ಈ ವರ್ಷ 10ನೇ ಗ್ರೇಡ್. 2028ರಲ್ಲಿ ಹೈಸ್ಕೂಲ್ ಮುಗಿಸುತ್ತಾಳೆ. 6ನೇ ಗ್ರೇಡಿನಲ್ಲಿ ಗೆಳತಿಯ ಜೊತೆ ಹೋಗಿ, ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲ್ಯಾಕ್ರಾಸ್ ಆಟ ಶುರು ಮಾಡಿದಳು. ಈಗ ಸ್ಕೂಲ್ ಟೀಮಿನಲ್ಲಿ ಮಿಡ್‌ಫೀಲ್ಡ್ ಆಡುತ್ತಾಳೆ, ಆಟ ಅಂದರೆ ಪ್ರಾಣ. ಐದಾರು ಕಾಲೇಜುಗಳಿಂದ 'ನಿನ್ನ ಆಟ ನೋಡಬೇಕು, ನಮ್ಮ ಕ್ಯಾಂಪಿಗೆ ಬಾ' ಎಂದು ಇಮೇಲ್ ಬಂದಿದೆ. ಬೇರೆ ತಾಯಂದಿರು 'ನೀವು ಆಗಲೇ ಲೇಟು, ದೊಡ್ಡ ಕ್ಲಬ್ಬಿಗೆ ಸೇರಿಸಿ' ಅಂತಾರೆ. ಒಂದು ರಿಕ್ರೂಟಿಂಗ್ ಸರ್ವಿಸಿನವರು 3,500 ಡಾಲರ್ ಕೇಳುತ್ತಿದ್ದಾರೆ. ನಮ್ಮ ಯಜಮಾನರು ಇದೆಲ್ಲ ಬಿಟ್ಟು ಎಸ್‌ಎಟಿಗೆ ಓದಲಿ ಅಂತಾರೆ. ಸ್ಕಾಲರ್‌ಶಿಪ್ ಸಿಕ್ಕರೆ ಫೀಸಿನ ಭಾರ ಇಳಿಯುತ್ತಲ್ಲ ಅಂತ ನನ್ನ ಆಸೆ. ಅವರದು ಎಚ್-1ಬಿ, ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲಿದೆ, ಮಗಳು ಅವರ ಅವಲಂಬಿತಳಾಗಿ ಎಚ್-4 ವೀಸಾದಲ್ಲಿದ್ದಾಳೆ. ದಿನಾ ಇದೇ ಮಾತು. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರ ಓದುವಾಗ ನನ್ನ ಆಫೀಸಿನ ಕುರ್ಚಿಯಲ್ಲಿ ಬಂದು ಕೂತ ಎಷ್ಟೋ ಅಪ್ಪ ಅಮ್ಮಂದಿರ ಮುಖ ಕಣ್ಣ ಮುಂದೆ ಬಂತು. ನಾನು ಹದಿನೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಕಾಲೇಜ್ ಕೌನ್ಸೆಲರ್. ಅದರಲ್ಲಿ ಹನ್ನೊಂದು ವರ್ಷ ಹುಡುಗಿಯರ ಲ್ಯಾಕ್ರಾಸ್ ಟೀಮಿಗೆ ಸಹಾಯಕ ಕೋಚ್ ಆಗಿಯೂ ಇದ್ದೆ. ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಆದರೆ ಅದರ ಹಿಂದೆ ಇರುವ ಭಯ ಒಂದೇ: ಈ ಆಟಕ್ಕೆ ಸುರಿಯುತ್ತಿರುವ ದುಡ್ಡು, ವಾರಾಂತ್ಯಗಳು, ಮಗಳ ಆಸೆ, ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗಿಬಿಟ್ಟರೆ? ಆ ಭಯ ಸಹಜ. ನಮ್ಮ ಊರುಗಳಲ್ಲಿ ಈ ಆಟವೇ ಇಲ್ಲ. ಅಣ್ಣನನ್ನೋ ಚಿಕ್ಕಪ್ಪನನ್ನೋ ಕೇಳೋಣ ಅಂದರೆ ಅವರಿಗೂ ಗೊತ್ತಿಲ್ಲ. ಬಲೆ ಕಟ್ಟಿದ ಕೋಲು ಹಿಡಿದು ಓಡುವ ಮೊಮ್ಮಗಳ ಫೋಟೋ ನೋಡಿ ಅಜ್ಜಿ 'ಮೀನು ಹಿಡಿಯೋದಾ?' ಅಂತ ಕೇಳಿದ್ದನ್ನು ಒಬ್ಬ ತಾಯಿ ನನಗೆ ಹೇಳಿದ್ದರು.

ಆಟದ ಬಗ್ಗೆ ಎರಡು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಮನೆಯವರು ಇದನ್ನು ಯಾರೋ ಶ್ರೀಮಂತರ ಶೋಕಿ ಅಂದುಕೊಂಡಿದ್ದರೆ ಅದು ಪೂರ್ತಿ ನಿಜ ಅಲ್ಲ. ಇದು ಈ ನೆಲದ ಮೂಲನಿವಾಸಿಗಳ ಆಟ. ಹೋಡನೊಶೋನಿ ಜನ ಇದನ್ನು ಸೃಷ್ಟಿಕರ್ತ ಕೊಟ್ಟ ಆಟ ಅಂತ ಇವತ್ತಿಗೂ ಭಕ್ತಿಯಿಂದ ಆಡುತ್ತಾರೆ. 'ಲ್ಯಾಕ್ರಾಸ್' ಅನ್ನುವ ಹೆಸರು ಮಾತ್ರ ಫ್ರೆಂಚರು ಕೊಟ್ಟದ್ದು. ನೀವಿರುವ ಮೇರಿಲ್ಯಾಂಡ್ 2004ರಲ್ಲಿ ಇದನ್ನು ರಾಜ್ಯದ ಅಧಿಕೃತ ತಂಡ ಕ್ರೀಡೆ ಎಂದು ಘೋಷಿಸಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಒಂದೊಂದು ಟೀಮಿನಲ್ಲಿ ಆರಾರು ಜನ ಆಡುವ ರೂಪದಲ್ಲಿ ಇದು ಇರುತ್ತದೆ. ಅಂದರೆ ನಿಮ್ಮ ಮಗಳು ಈ ಆಟದ ತವರಿನಲ್ಲೇ ಕಲಿಯುತ್ತಿದ್ದಾಳೆ. ಅದರಿಂದ ಅನುಕೂಲವೂ ಇದೆ, ಪೈಪೋಟಿಯೂ ಜಾಸ್ತಿ.

ಮೊದಲು 'ಲೇಟಾಯಿತು' ಅನ್ನುವ ಮಾತು. ಇದು ಒಂದು ಕಾಲಕ್ಕೆ ನಿಜವಾಗಿತ್ತು. ಅದಕ್ಕೇ ಇನ್ನೂ ಜನರ ಬಾಯಲ್ಲಿ ಉಳಿದಿದೆ. ಹತ್ತು ಹನ್ನೆರಡು ವರ್ಷದ ಹಿಂದೆ 8ನೇ, 9ನೇ ಗ್ರೇಡಿನ ಮಕ್ಕಳೇ ಕಾಲೇಜಿಗೆ ಬಾಯಿಮಾತಿನಲ್ಲಿ ಒಪ್ಪಿಗೆ ಕೊಡುತ್ತಿದ್ದರು. ಹೈಸ್ಕೂಲಿನಲ್ಲಿ ಒಂದು ಆಟವನ್ನೂ ಆಡಿರದ ಮಗು ನಾಲ್ಕು ವರ್ಷ ಆಚೆಯ ಕಾಲೇಜನ್ನು ಆರಿಸುತ್ತಿತ್ತು. ಕೋಚ್‌ಗಳಿಗೇ ಇದು ಸಾಕಾಗಿ ಹೋಗಿತ್ತು. ಅವರ ಸಂಘಗಳೇ ಒತ್ತಾಯ ಮಾಡಿದ ಮೇಲೆ 2017ರ ಏಪ್ರಿಲ್‌ನಲ್ಲಿ ಎನ್‌ಸಿಎಎ, ಅಂದರೆ ಇಲ್ಲಿನ ಕಾಲೇಜ್ ಆಟಗಳನ್ನು ನಡೆಸುವ ಸಂಘ, ನಿಯಮ ಬದಲಾಯಿಸಿತು. ಈಗ ಕಾಲೇಜ್ ಆಟದ ಅತಿ ಮೇಲಿನ ಮಟ್ಟವಾದ ಡಿವಿಷನ್ 1ರ ಲ್ಯಾಕ್ರಾಸ್ ಕೋಚ್ ಒಬ್ಬರು 11ನೇ ಗ್ರೇಡಿನ ಸೆಪ್ಟೆಂಬರ್ 1ಕ್ಕೆ ಮುಂಚೆ ಮಗುವಿನ ಜೊತೆಗಾಗಲಿ ನಿಮ್ಮ ಜೊತೆಗಾಗಲಿ ಕಾಲೇಜಿಗೆ ಸೇರುವ ಬಗ್ಗೆ ಮಾತಾಡುವಂತಿಲ್ಲ. ಫೋನ್ ಇಲ್ಲ, ಮೆಸೇಜ್ ಇಲ್ಲ, ಕ್ಲಬ್ ಕೋಚ್ ಮೂಲಕ ಸುದ್ದಿ ಕಳಿಸುವುದೂ ಇಲ್ಲ. ನಿಮ್ಮ ಮಗಳಿಗೆ ಆ ದಿನ 2026ರ ಸೆಪ್ಟೆಂಬರ್ 1. ಡಿವಿಷನ್ 3 ಕಾಲೇಜುಗಳ ಗಡಿಯಾರ ಇನ್ನೂ ನಿಧಾನ. ಅಲ್ಲಿನ ಕೋಚ್‌ಗಳು ಇಮೇಲಿಗೆ ಯಾವಾಗ ಬೇಕಾದರೂ ಉತ್ತರ ಕೊಡಬಹುದು, ಆದರೆ ತೀರ್ಮಾನ ಆಗುವುದು ಸಾಮಾನ್ಯವಾಗಿ 11ನೇ ಗ್ರೇಡ್ ಮುಗಿದ ಬೇಸಿಗೆಯಲ್ಲಿ. 6ನೇ ಗ್ರೇಡಿನಲ್ಲಿ ಶುರು ಮಾಡಿದವಳು ಲೇಟಲ್ಲ. ಕಾಲೇಜಿನಲ್ಲಿ ಚೆನ್ನಾಗಿ ಆಡುವ ಎಷ್ಟೋ ಹುಡುಗಿಯರು ಮೊದಲು ಸಾಕರ್, ಬ್ಯಾಸ್ಕೆಟ್‌ಬಾಲ್ ಆಡಿ ಆಮೇಲೆ ಈ ಕಡೆ ಬಂದವರೇ. ಸಣ್ಣ ವಯಸ್ಸಿನಲ್ಲೇ ಒಂದೇ ಆಟಕ್ಕೆ ಕಟ್ಟಿಹಾಕುವುದು ಬೇಡ, ಹದಿನೈದು ಹದಿನಾರರ ತನಕ ಬೇರೆ ಆಟವನ್ನೂ ಆಡಲಿ ಅಂತ ಇಲ್ಲಿನ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಮೊಣಕಾಲಿನ ಪೆಟ್ಟು ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಆಗುವ ಆಟ ಇದು. ವರ್ಷ ಪೂರ್ತಿ ಅದೇ ತಿರುವು, ಅದೇ ಓಟ ಅಂದರೆ ಕಾಲಿಗೂ ಒಳ್ಳೆಯದಲ್ಲ.

ಇನ್ನು ಆ ಇಮೇಲ್‌ಗಳು. ನಿಮಗೆ ಬೇಸರ ಆಗಬಹುದು, ಆದರೂ ನೇರವಾಗಿ ಹೇಳಿಬಿಡುತ್ತೇನೆ. 10ನೇ ಗ್ರೇಡಿನ ಹುಡುಗಿಗೆ ಡಿವಿಷನ್ 1 ಕಾಲೇಜಿನಿಂದ ಬರುವ ಕ್ಯಾಂಪ್ ಆಹ್ವಾನಕ್ಕೂ ಮದುವೆ ಛತ್ರದ ಜಾಹೀರಾತಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಮೇಲೆ ಹೇಳಿದ ನಿಯಮದ ಪ್ರಕಾರ ಕೋಚ್ ನಿಜವಾದ ಆಸಕ್ತಿ ತೋರಿಸುವಂತೆಯೇ ಇಲ್ಲ, ಆದರೆ ಕ್ಯಾಂಪಿನ ಮಾಹಿತಿ ಕಳಿಸಬಹುದು. ಟೂರ್ನಮೆಂಟ್‌ಗಳಲ್ಲಿ ಸಿಗುವ ಹೆಸರಿನ ಪಟ್ಟಿಗೆ ಒಂದೇ ಪತ್ರ ಸಾವಿರ ಜನಕ್ಕೆ ಹೋಗುತ್ತದೆ. ಕ್ಯಾಂಪಿನ ಆದಾಯ ಎಷ್ಟೋ ಕಡೆ ಸಹಾಯಕ ಕೋಚ್‌ಗಳ ಸಂಬಳದ ಒಂದು ಭಾಗ. ಅದರಲ್ಲಿ ಮೋಸ ಏನೂ ಇಲ್ಲ. ಆದರೆ 'ನಿನ್ನ ಆಟ ನೋಡಬೇಕು' ಅಂದ ಮಾತ್ರಕ್ಕೆ ಮಗಳು ಅವರ ಕಣ್ಣಿಗೆ ಬಿದ್ದಿದ್ದಾಳೆ ಅಂತ ಅಲ್ಲ.

ಹಾಗಾದರೆ ಕ್ಯಾಂಪೇ ಬೇಡವಾ? ಹಾಗಲ್ಲ. ಮಗಳಿಗೆ ನಿಜವಾಗಿಯೂ ಓದಬೇಕು ಅನ್ನಿಸುವ ಒಂದೆರಡು ಕಾಲೇಜಿನ ಕ್ಯಾಂಪ್ ಆರಿಸಿ, ಹತ್ತಿರದ್ದೇ ಆದರೆ ಇನ್ನೂ ಒಳ್ಳೆಯದು. ಹೋಗುವ ಮುಂಚೆ ಅವಳೇ ಕೋಚ್‌ಗೆ ಒಂದು ಇಮೇಲ್ ಬರೆಯಲಿ. ಉತ್ತರ ಬರದಿದ್ದರೂ ಅವರು ಓದುತ್ತಾರೆ. ಆಸಕ್ತಿ ನಿಜವೋ ಅಲ್ಲವೋ ಅನ್ನುವುದು 2026ರ ಸೆಪ್ಟೆಂಬರ್ ಆದಮೇಲೆ ತಾನಾಗಿ ಗೊತ್ತಾಗುತ್ತದೆ. ಮುಖ್ಯ ಕೋಚ್ ಫೋನ್ ಮಾಡಿ ಮಾತಾಡುತ್ತಾರೆ. ಇಂಥ ದಿನ ಇಂಥ ಆಟದಲ್ಲಿ ನೀನು ಹೀಗೆ ಮಾಡಿದೆ ಅಂತ ಹೇಳುತ್ತಾರೆ. ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಕಾಲೇಜಿನ ಖರ್ಚಿನಲ್ಲೇ ಕ್ಯಾಂಪಸ್ಸಿಗೆ ಕರೆಸಿಕೊಳ್ಳುತ್ತಾರೆ. ಇಷ್ಟರಲ್ಲಿ ಒಂದೂ ಆಗದೆ ಬರೀ ಕ್ಯಾಂಪಿನ ಲಿಂಕ್ ಮಾತ್ರ ಬರುತ್ತಿದ್ದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆದುಬಿಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ದುಡ್ಡು.

ಲ್ಯಾಕ್ರಾಸ್‌ನಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಅನ್ನುವುದು ತುಂಬಾ ಅಪರೂಪ. ಮೊನ್ನೆ ಮೊನ್ನೆಯ ತನಕ ಒಂದು ಡಿವಿಷನ್ 1 ಹುಡುಗಿಯರ ಟೀಮಿಗೆ ಒಟ್ಟು 12 ಸ್ಕಾಲರ್‌ಶಿಪ್ ಮಾತ್ರ ಕೊಡಬಹುದಿತ್ತು, ಹುಡುಗರ ಟೀಮಿಗೆ 12.6. ಅದೂ ಗರಿಷ್ಠ. ಎಷ್ಟೋ ಕಾಲೇಜುಗಳು ಅಷ್ಟೂ ಕೊಡುತ್ತಿರಲಿಲ್ಲ. ಆ 12ನ್ನು 36 ಹುಡುಗಿಯರಿಗೆ ಸಮನಾಗಿ ಹಂಚಿದರೂ ಒಬ್ಬೊಬ್ಬಳಿಗೆ ಫೀಸಿನ ಮೂರನೇ ಒಂದು ಭಾಗ. ಸಮನಾಗಿ ಯಾರೂ ಹಂಚುವುದಿಲ್ಲ. ಒಳ್ಳೆಯ ಗೋಲ್ ಕೀಪರಿಗೆ, ಆಟ ಶುರುವಾಗುವಾಗ ಡ್ರಾ (ಚೆಂಡಿಗಾಗಿ ಇಬ್ಬರ ಪೈಪೋಟಿ) ಗೆದ್ದುಕೊಡುವವಳಿಗೆ ಜಾಸ್ತಿ. ಉಳಿದವರಿಗೆ ಪುಸ್ತಕದ ಖರ್ಚಿನಷ್ಟು, ಕೆಲವರಿಗೆ ಏನೂ ಇಲ್ಲ.

2025ರ ಜೂನ್ 6ರಂದು ಕಾಲೇಜ್ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ ಈ ಲೆಕ್ಕ ಬದಲಾಗಿದೆ. ಅದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ಸ್ಕಾಲರ್‌ಶಿಪ್ಪಿನ ಮಿತಿ ಇಲ್ಲ. ಬದಲಿಗೆ ಟೀಮಿನ ತಲೆಗಳಿಗೆ ಮಿತಿ ಬಂದಿದೆ: ಹುಡುಗಿಯರ ಲ್ಯಾಕ್ರಾಸ್‌ಗೆ 38, ಹುಡುಗರಿಗೆ 48. ಕ್ಲಬ್ಬಿನ ತಾಯಂದಿರು 'ಇನ್ನು ಮುಂದೆ 38 ಜನಕ್ಕೂ ಪೂರ್ತಿ ದುಡ್ಡಂತೆ' ಅಂತ ಹೇಳಿರಬಹುದು. ಕೊಡಬಹುದು ಅನ್ನುವುದು ನಿಜ. ಕೊಡುತ್ತಾರೆ ಅನ್ನುವುದು ಬೇರೆ. ಅದೇ ರಾಜಿಯಲ್ಲಿ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡುವ ದಾರಿಯೂ ತೆರೆದಿದೆ, ಆ ದುಡ್ಡಿನ ಬಹುಪಾಲು ಹೋಗುವುದು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ. ಲ್ಯಾಕ್ರಾಸ್‌ಗೆ ಹೊಸ ಹಣ ಹುಡುಕಿ ತರುವ ಕಾಲೇಜು ಕೆಲವೇ. ಇನ್ನೊಂದು ಕಡೆ, ಮೊದಲು 40ಕ್ಕೂ ಮೇಲೆ ಹುಡುಗಿಯರನ್ನು ಇಟ್ಟುಕೊಂಡಿದ್ದ ಟೀಮುಗಳಲ್ಲಿ ಈಗ ಕೊನೆಯ ಕೆಲವು ಜಾಗ ಹೋಗಿವೆ. ಮೊದಲ ವರ್ಷ ಬೆಂಚಿನಲ್ಲಿ ಕೂತು ಮೂರನೇ ವರ್ಷಕ್ಕೆ ಅರಳುವ ಹುಡುಗಿ ಇರುತ್ತಾಳಲ್ಲ, ಅವಳ ಜಾಗ ಅದು. ನನಗೆ ಇದರಲ್ಲಿ ಬೇಜಾರಾಗುವುದು ಅದೇ.

ಇನ್ನು ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಅಂತ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ಇರುವ ಐವಿ ಲೀಗ್ ಡಿವಿಷನ್ 1 ಆದರೂ ಅಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ.

ಇಷ್ಟು ಓದಿ ನಿಮ್ಮ ಯಜಮಾನರು 'ನಾನು ಹೇಳಲಿಲ್ವಾ?' ಅನ್ನಬಹುದು. ಸ್ವಲ್ಪ ತಡೆಯಿರಿ. ಲ್ಯಾಕ್ರಾಸ್ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಫೀಸಿನಲ್ಲಿ ಅಲ್ಲ, ಸೀಟಿನಲ್ಲಿ. ಒಳ್ಳೆಯ ಮಾರ್ಕ್ಸ್ ಇರುವ ನೂರಾರು ಮಕ್ಕಳು ಒಂದೇ ಕಾಲೇಜಿಗೆ ಅರ್ಜಿ ಹಾಕುವಾಗ, ಕೋಚ್ 'ಈ ಹುಡುಗಿ ನಮಗೆ ಬೇಕು' ಅಂತ ಅಡ್ಮಿಷನ್ ಆಫೀಸಿಗೆ ಹೇಳಿದರೆ ಅದಕ್ಕೆ ತೂಕ ಇದೆ. ವಿಲಿಯಮ್ಸ್, ಆಮ್ಹರ್ಸ್ಟ್, ಮಿಡಲ್‌ಬರಿ, ಟಫ್ಟ್ಸ್ ತರಹದ ಡಿವಿಷನ್ 3 ಕಾಲೇಜುಗಳಲ್ಲಿ 12ನೇ ಗ್ರೇಡಿಗೆ ಮುಂಚಿನ ಬೇಸಿಗೆಯಲ್ಲಿ 'ಪ್ರೀ-ರೀಡ್' ಅಂತ ಮಾಡುತ್ತಾರೆ. ಮಗಳ ಮಾರ್ಕ್ಸ್, ತೆಗೆದುಕೊಂಡ ವಿಷಯಗಳು, ಎಸ್‌ಎಟಿ ಅಂಕ, ಎಲ್ಲವನ್ನೂ ಅಡ್ಮಿಷನ್‌ನವರು ಮುಂಚೆಯೇ ನೋಡಿ ಕೋಚ್‌ಗೆ ಹೌದು, ಕಷ್ಟ, ಆಗಲ್ಲ ಅಂತ ಹೇಳುತ್ತಾರೆ. ಹೌದು ಅಂದರೆ, ಅವಳು ನವೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಅರ್ಜಿ (ಸೀಟು ಸಿಕ್ಕರೆ ಅಲ್ಲೇ ಸೇರುತ್ತೇನೆ ಅಂತ ಒಪ್ಪಿಕೊಂಡು ಹಾಕುವ ಅರ್ಜಿ) ಹಾಕುವಾಗ ಕೋಚ್ ಬೆನ್ನಿಗೆ ನಿಲ್ಲುತ್ತಾರೆ. ಹೀಗೆ ಸೀಟು ಸಿಕ್ಕವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಗಮನಿಸಿ, ಪ್ರೀ-ರೀಡ್‌ನಲ್ಲಿ ಓದುವುದು ಮಾರ್ಕ್ಸನ್ನು. ಎಸ್‌ಎಟಿಗೂ ಲ್ಯಾಕ್ರಾಸ್‌ಗೂ ಜಗಳವೇ ಇಲ್ಲ. ಅವೆರಡೂ ಒಂದೇ ಗಾಡಿಗೆ ಕಟ್ಟಿದ ಎತ್ತುಗಳು. ಮನೆಯಲ್ಲಿ ಆ ಜಗಳವನ್ನು ಇವತ್ತೇ ನಿಲ್ಲಿಸಬಹುದು.

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಕನ್ನಡದವರೇ. ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಲೇಜಿನ ಪತ್ರ ಹರಡಿಕೊಂಡು ಕೂತಿದ್ದೆವು. ಸ್ಟೀಲ್ ಲೋಟದ ಕಾಫಿ ಆರಿ ಕೆನೆ ಕಟ್ಟಿತ್ತು, ಯಾರೂ ಮುಟ್ಟಿರಲಿಲ್ಲ. ಒಂದು ಪತ್ರ ಡಿವಿಷನ್ 1 ಕಾಲೇಜಿನದು: ವರ್ಷದ ಒಟ್ಟು ಖರ್ಚು 78,000 ಡಾಲರ್, ಲ್ಯಾಕ್ರಾಸ್‌ಗೆ ಕೊಡುವುದು 15,000. ಇನ್ನೊಂದು ಡಿವಿಷನ್ 3: ಖರ್ಚು 74,000, ಆಟಕ್ಕೆ ಸೊನ್ನೆ, ಆದರೆ ಓದಿಗೆ ಅಂತ ಮೆರಿಟ್ ಹಣ 32,000. ಅಪ್ಪ ಮೊದಲನೆಯ ಪತ್ರವನ್ನೇ ಕೈಯಲ್ಲಿ ಹಿಡಿದಿದ್ದರು. ಅದರಲ್ಲಿ 'ಅಥ್ಲೆಟಿಕ್ ಸ್ಕಾಲರ್‌ಶಿಪ್' ಅನ್ನುವ ಶಬ್ದ ಇತ್ತು, ಊರಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಮಗಳು ಸುಮ್ನೆ ಪೆನ್ನು ತೆಗೆದು ಎರಡು ಕಳೆಯುವ ಲೆಕ್ಕ ಬರೆದಳು. 63,000. 42,000. ನಾಲ್ಕು ವರ್ಷಕ್ಕೆ 84,000 ಡಾಲರ್ ವ್ಯತ್ಯಾಸ. ಅಪ್ಪ ಬಹಳ ಹೊತ್ತು ಆ ಕಾಗದ ನೋಡಿದರು. ಅವಳು ಎರಡನೆಯದಕ್ಕೇ ಹೋದಳು, ನಾಲ್ಕು ವರ್ಷವೂ ಆಡಿದಳು.

ಎಲ್ಲ ಡಿವಿಷನ್ 3 ಕಾಲೇಜೂ ಹೀಗೆ ಮೆರಿಟ್ ಹಣ ಕೊಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ವಿಲಿಯಮ್ಸ್, ಆಮ್ಹರ್ಸ್ಟ್, ಮಿಡಲ್‌ಬರಿ ಮನೆಯ ಆದಾಯ ನೋಡಿ ಸಹಾಯ ಮಾಡುತ್ತವೆ, ಮಾರ್ಕ್ಸ್ ನೋಡಿ ಅಲ್ಲ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ಮನೆಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ ಅಂತ ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರಲೇಬೇಕು, ಅದು ಕಾನೂನು. ಒಂದು ಭಾನುವಾರ ಯಜಮಾನರ ಟ್ಯಾಕ್ಸ್ ಕಾಗದ ಇಟ್ಟುಕೊಂಡು ಐದಾರು ಕಾಲೇಜಿಗೆ ಹಾಕಿ ನೋಡಿ. ಆದರೆ ಅದು ಹೆಚ್ಚಾಗಿ ಸಿಟಿಜನ್, ಗ್ರೀನ್ ಕಾರ್ಡ್ ಮನೆಗಳಿಗೆ ಮಾಡಿದ ಲೆಕ್ಕ. ನಿಮ್ಮ ವಿಷಯದಲ್ಲಿ ಒಂದು ಗಂಟು ಇದೆ.

ಆ ಗಂಟು ಎಚ್-4. ಇದನ್ನು ಕ್ಲಬ್ಬಿನ ಯಾವ ತಾಯಿಯೂ ನಿಮಗೆ ಹೇಳಿರಲಾರರು, ಏಕೆಂದರೆ ಅವರಿಗೆ ಇದರ ಅನುಭವ ಇರುವುದಿಲ್ಲ. ಎಚ್-4 ಮಗುವಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ಸಹಾಯ, ಸಾಲ ಎರಡೂ ಇಲ್ಲ. ಕಾಲೇಜುಗಳು ತಮ್ಮದೇ ಹಣದಿಂದ ಕೊಡಬಹುದು, ಆದರೆ ಸಹಾಯದ ಲೆಕ್ಕಕ್ಕೆ ಎಷ್ಟೋ ಕಾಲೇಜುಗಳು ಇಲ್ಲೇ ಬೆಳೆದ ಎಚ್-4 ಮಕ್ಕಳನ್ನೂ ಹೊರದೇಶದ ವಿದ್ಯಾರ್ಥಿಗಳ ಸಾಲಿಗೆ ಹಾಕುತ್ತವೆ. ಅಲ್ಲಿ ಹಣ ಕಡಿಮೆ. ಸಹಾಯ ಕೇಳಿದರೆ ಸೀಟಿಗೇ ಕಷ್ಟ ಆಗುವ ಕಡೆಗಳೂ ಇವೆ. ಆಟದ ಸ್ಕಾಲರ್‌ಶಿಪ್ಪಿಗೆ, ಮೆರಿಟ್ ಹಣಕ್ಕೆ ಸಾಮಾನ್ಯವಾಗಿ ವೀಸಾ ಅಡ್ಡಿ ಅಲ್ಲ. ಹಾಗಾಗಿ ಬೇರೆ ಮನೆಗಿಂತ ನಿಮ್ಮ ಮನೆಗೆ ಈ ಎರಡು ಜಾಸ್ತಿ ಮುಖ್ಯ ಅನ್ನುವುದನ್ನು ನಾನು ಒಪ್ಪುತ್ತೇನೆ. ನಿಮ್ಮ ಆಸೆ ಸುಳ್ಳಲ್ಲ.

ಹಾಗೆಯೇ ಎಚ್-4ನಲ್ಲಿ ದುಡಿಯುವಂತಿಲ್ಲ. ಇದು ಎಲ್ಲಿ ತಗಲುತ್ತದೆ ಅಂದರೆ, ಹೈಸ್ಕೂಲ್ ಹುಡುಗಿಯರು ಶನಿವಾರ ಚಿಕ್ಕ ಮಕ್ಕಳ ಪಂದ್ಯಕ್ಕೆ ರೆಫರಿ ಆಗಿ ಐವತ್ತೋ ಅರವತ್ತೋ ಡಾಲರ್ ತರುತ್ತಾರೆ, ಬೇಸಿಗೆ ಕ್ಯಾಂಪಿನಲ್ಲಿ ಕಲಿಸಿ ಸಂಬಳ ತೆಗೆದುಕೊಳ್ಳುತ್ತಾರೆ. ನಿಮ್ಮ ಮಗಳು ಅದನ್ನು ಮಾಡುವಂತಿಲ್ಲ. ಎಲ್ಲರೂ ಮಾಡುತ್ತಿದ್ದಾರಲ್ಲ ಅಂತ ಅವಳೂ ಹೋಗಿಬಿಡುತ್ತಾಳೆ, ಮೊದಲೇ ಹೇಳಿಡಿ. ಕಾಲೇಜಿನಲ್ಲಿ ಆಟಗಾರ್ತಿಯರು ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ಸಂಪಾದಿಸುತ್ತಾರೆ ಅಂತ ಕೇಳಿರುತ್ತೀರಿ. ಆ ದಾರಿಯನ್ನೂ ವಕೀಲರನ್ನು ಕೇಳದೆ ಮುಟ್ಟಬೇಡಿ. 21 ತುಂಬಿದಾಗ ಅವಳ ಎಚ್-4 ಮುಗಿಯುತ್ತದೆ, ಅಂದರೆ ಕಾಲೇಜಿನ ಮಧ್ಯದಲ್ಲೇ. ಆಗ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕಾಗಿ ಬರಬಹುದು. ಕಾಲೇಜು ಆರಿಸುವಾಗ ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸು ಚುರುಕಾಗಿದೆಯೇ ಅಂತ ಒಂದು ಫೋನ್ ಮಾಡಿ ನೋಡಿ. ಸರ್ಕಾರಿ ಯೂನಿವರ್ಸಿಟಿಯಲ್ಲಿ ರಾಜ್ಯದೊಳಗಿನ ಫೀಸು ಎಚ್-4ಗೆ ಸಿಗುತ್ತದೋ ಅನ್ನುವುದು ರಾಜ್ಯಕ್ಕೆ ರಾಜ್ಯಕ್ಕೆ ಬೇರೆ. ಅದನ್ನು ಆಯಾ ಯೂನಿವರ್ಸಿಟಿಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಸಿಗುವುದಾದರೆ ಅದರ ಮುಂದೆ ಎಷ್ಟೋ ಸ್ಕಾಲರ್‌ಶಿಪ್ ಚಿಕ್ಕದು.

ರಿಕ್ರೂಟಿಂಗ್ ಸರ್ವಿಸಿಗೆ 3,500 ಡಾಲರ್ ಕೊಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅವರು ಮಾಡುವುದು ವಿಡಿಯೋ ಕತ್ತರಿಸಿ ಜೋಡಿಸುವುದು, ಮಗಳ ಹೆಸರಿನ ಒಂದು ಪುಟ ಮಾಡುವುದು, ನೂರಾರು ಕೋಚ್‌ಗಳಿಗೆ ಇಮೇಲ್ ಬಿಡುವುದು. ಕೋಚ್‌ಗಳಿಗೆ ಆ ಇಮೇಲ್ ಯಾರು ಬರೆದದ್ದು ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಹದಿನೈದರ ಹುಡುಗಿ ತಾನೇ ಬರೆದ, ಒಂದು ಸ್ಪೆಲಿಂಗ್ ತಪ್ಪಿರುವ ಇಮೇಲ್ ಅದಕ್ಕಿಂತ ಬೇಗ ಓದಿಸಿಕೊಳ್ಳುತ್ತದೆ.

ದೊಡ್ಡ ಕ್ಲಬ್ ಬೇಕಾ ಅನ್ನುವುದು ಅಷ್ಟು ಸುಲಭ ಅಲ್ಲ. ಹೈಸ್ಕೂಲ್ ಪಂದ್ಯಗಳು ವಸಂತದಲ್ಲಿ ಬರುತ್ತವೆ, ಆಗ ಕಾಲೇಜ್ ಕೋಚ್‌ಗಳಿಗೆ ತಮ್ಮದೇ ಸೀಸನ್. ಅವರು ಹುಡುಗಿಯರನ್ನು ನೋಡುವುದು ಬೇಸಿಗೆ ಮತ್ತು ನವೆಂಬರ್ ಆಸುಪಾಸಿನ ಕ್ಲಬ್ ಟೂರ್ನಮೆಂಟ್‌ಗಳಲ್ಲಿ. ಹಾಗಾಗಿ ಕ್ಲಬ್ ಬೇಕು. ಆದರೆ ದೊಡ್ಡ ಹೆಸರಿನ ಕ್ಲಬ್ಬಿನ ಮೂರನೇ ಟೀಮಿನಲ್ಲಿ ಬೆಂಚು ಕಾಯುವುದಕ್ಕಿಂತ ಮಧ್ಯಮ ಕ್ಲಬ್ಬಿನಲ್ಲಿ ಪೂರ್ತಿ ಆಟ ಆಡುವುದು ಮೇಲು. ಈಗಿನ ಕ್ಲಬ್ಬನ್ನು ಮೂರು ಮಾತು ಕೇಳಿ. ಹೋದ ಎರಡು ವರ್ಷದ ಹುಡುಗಿಯರು ಯಾವ ಕಾಲೇಜಿಗೆ ಹೋದರು, ಬರೀ ಮೊದಲ ಐದು ಹೆಸರಲ್ಲ, ಪೂರ್ತಿ ಪಟ್ಟಿ ಕೊಡಿ. ಬರುವ ಬೇಸಿಗೆಯಲ್ಲಿ ಯಾವ ಟೂರ್ನಮೆಂಟ್, ಅಲ್ಲಿಗೆ ಯಾವ ಮಟ್ಟದ ಕಾಲೇಜಿನವರು ಬರುತ್ತಾರೆ? ಕಾಲೇಜ್ ಕೋಚ್ ಫೋನ್ ಮಾಡಿ ಕೇಳಿದರೆ ನನ್ನ ಮಗಳ ಬಗ್ಗೆ ಮಾತಾಡುವವರು ಯಾರು? ಮೂರಕ್ಕೂ ನೇರ ಉತ್ತರ ಬಂದರೆ ಅಲ್ಲೇ ಇರಲಿ.

ಕೋಚ್‌ಗಳು ಏನು ನೋಡುತ್ತಾರೆ ಅಂತ ಒಂದು ಸಲ ಪಕ್ಕದಲ್ಲೇ ಕೂತು ನೋಡಿದ್ದೇನೆ. ಜುಲೈ, ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಒಂದರ ಪಕ್ಕ ಒಂದು ಮೈದಾನ, ನಡುವೆ ಮಡಚುವ ಕುರ್ಚಿಗಳ ಸಾಲು. ನನ್ನ ಪಕ್ಕದ ಕೋಚ್ ತೊಡೆಯ ಮೇಲೆ ಆಟಗಾರ್ತಿಯರ ಪಟ್ಟಿ, ಕೈಯಲ್ಲಿ ಪೆನ್ನು. 14ನೇ ನಂಬರಿನ ಹುಡುಗಿ ಚಂದದ ಗೋಲು ಹೊಡೆದಳು. ಪೆನ್ನು ಅಲುಗಲಿಲ್ಲ. ಎರಡು ನಿಮಿಷದ ಮೇಲೆ ಅವಳ ಕೋಲಿನಿಂದ ಚೆಂಡು ತಪ್ಪಿಹೋಯಿತು. ಅವಳು ಅಲ್ಲೇ ನಿಂತು ಕೈ ಚೆಲ್ಲಲಿಲ್ಲ. ಗಕ್ಕನೆ ತಿರುಗಿ ಅರ್ಧ ಮೈದಾನ ಓಡಿ, ಚೆಂಡು ಕಸಿದವಳ ದಾರಿಗೆ ಅಡ್ಡ ನಿಂತಳು. ಆಗ ಪೆನ್ನು ಓಡಿತು. ಅವಳನ್ನು ಹೊರಗೆ ಕರೆದ ಮೇಲೂ ಕೋಚ್ ಕಣ್ಣು ಆಟದ ಕಡೆ ಹೋಗಲಿಲ್ಲ. ಅವಳು ನೀರು ಕುಡಿದು ಬಾಟಲಿಯನ್ನು ಪಕ್ಕದವಳಿಗೆ ಕೊಟ್ಟಳು, ಒಳಗೆ ಹೋಗುತ್ತಿದ್ದವಳ ಬೆನ್ನು ತಟ್ಟಿದಳು. ಅಷ್ಟರಲ್ಲಿ ಬೇಲಿಯ ಆಚೆ ಒಬ್ಬ ತಂದೆ ರೆಫರಿಗೆ ಕೂಗುತ್ತಿದ್ದರು. ಕೋಚ್ ಆ ಕಡೆ ತಿರುಗಿ, 'ಅವರ ಮಗಳು ಯಾವ ನಂಬರ್?' ಅಂತ ಕೇಳಿದರು. ಅದನ್ನೂ ಬರೆದುಕೊಂಡರು.

ಈಗ ನಿಮ್ಮ ಮುಂದಿರುವ ದಾರಿಗಳು. ಡಿವಿಷನ್ 1 ಬೇಕೇ ಬೇಕು ಅಂದರೆ ಬರುವ ಬೇಸಿಗೆ ಎಲ್ಲದಕ್ಕಿಂತ ಮುಖ್ಯ. ಖರ್ಚು ಜಾಸ್ತಿ, ಓಡಾಟ ಜಾಸ್ತಿ. ಕಾಲೇಜಿನಲ್ಲಿ ಅದು ಹೆಚ್ಚುಕಡಿಮೆ ಒಂದು ಉದ್ಯೋಗದ ಹಾಗೆ: ಬೆಳಗಿನ ಜಿಮ್, ಮಧ್ಯಾಹ್ನದ ಪ್ರಾಕ್ಟೀಸು, ವಾರದ ನಡುವೆ ಪ್ರಯಾಣ. ಎಂಜಿನಿಯರಿಂಗ್ ಅಥವಾ ಮೆಡಿಕಲ್ ಕಡೆ ಹೋಗುವ ಆಸೆ ಇದ್ದರೆ ಲ್ಯಾಬ್ ಸಮಯ ಪ್ರಾಕ್ಟೀಸಿಗೆ ಬಡಿದುಕೊಳ್ಳುತ್ತದೆ. ಕೋಚ್‌ಗಳನ್ನು ಅದನ್ನು ಬಾಯಿಬಿಟ್ಟು ಕೇಳಲೇಬೇಕು. ಬಾಯಿಮಾತಿನ ಒಪ್ಪಿಗೆಗೆ ಎರಡೂ ಕಡೆಯಿಂದ ಕಾನೂನಿನ ಬಲ ಇಲ್ಲ. ಕೋಚ್ ಬೇರೆ ಕಾಲೇಜಿಗೆ ಹೋಗಬಹುದು, ಕಾಲೇಜು ಬದಲಿಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಬೇರೆ ಮಿಡ್‌ಫೀಲ್ಡರ್ ಬಂದು ಜಾಗ ತುಂಬಬಹುದು. ಇದೇ ಕಾಲೇಜಿಗೆ ಸೇರುತ್ತೇನೆ ಅಂತ ಮೊದಲೆಲ್ಲ ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಈಗ ಲೆಕ್ಕಕ್ಕೆ ಬರುವುದು ಕಾಲೇಜು ಬರಹದಲ್ಲಿ ಕೊಡುವ ಹಣಸಹಾಯದ ಒಪ್ಪಂದ. ಅದರಲ್ಲಿ ಎಷ್ಟು ವರ್ಷಕ್ಕೆ, ಪೆಟ್ಟಾದರೆ ಏನು ಅಂತ ಓದಿ ಸಹಿ ಹಾಕಿ.

ಡಿವಿಷನ್ 3 ದಾರಿಯಲ್ಲಿ ಸಮಯ ಸಿಗುತ್ತದೆ, ಓದಿಗೆ ಬೆಲೆ ಇದೆ, ಮೆರಿಟ್ ಹಣದ ಸಾಧ್ಯತೆ ಇದೆ. ಅಪಾಯ ಏನು ಅಂದರೆ ಅರ್ಲಿ ಡಿಸಿಷನ್. ಅದಕ್ಕೆ ಕಟ್ಟುಬಿದ್ದರೆ ಬೇರೆ ಕಾಲೇಜಿನ ಹಣದ ಜೊತೆ ಹೋಲಿಸಿ ನೋಡಲು ಆಗುವುದಿಲ್ಲ. ಎಚ್-4 ಮನೆಗೆ ಇದು ಸಣ್ಣ ವಿಷಯ ಅಲ್ಲ, ಕೋಚ್‌ಗೆ ಮೊದಲೇ ಹೇಳಿ ಹಣದ ಅಂದಾಜು ತರಿಸಿಕೊಳ್ಳದೆ ಸಹಿ ಹಾಕಬೇಡಿ. 'ಡಿವಿಷನ್ 3 ಅಂದರೆ ಮೂರನೇ ದರ್ಜೆ' ಅನ್ನುವುದು ತಿಳಿಯದವರ ಮಾತು. ನಿಮ್ಮ ರಾಜ್ಯದ್ದೇ ಸಾಲ್ಸ್‌ಬರಿ ಯೂನಿವರ್ಸಿಟಿ ಸರ್ಕಾರಿ ಕಾಲೇಜು, ಡಿವಿಷನ್ 3, ಲ್ಯಾಕ್ರಾಸ್‌ನಲ್ಲಿ ದೇಶಕ್ಕೇ ಗೊತ್ತಿರುವ ಹೆಸರು. ಒಂದು ಸಂಜೆ ಹೋಗಿ ಅವರ ಪಂದ್ಯ ನೋಡಿ ಬನ್ನಿ. ಮರುದಿನ ನಿಮ್ಮ ಮನೆಯಿಂದ ಸ್ವಲ್ಪವೇ ದೂರದ ಯುಎಂಬಿಸಿ ಯೂನಿವರ್ಸಿಟಿಯಲ್ಲಿ ಡಿವಿಷನ್ 1 ಪಂದ್ಯ ನೋಡಿ. ಎರಡರಲ್ಲಿ ತನ್ನನ್ನು ಎಲ್ಲಿ ಕಾಣುತ್ತಾಳೆ ಅಂತ ಮಗಳೇ ಹೇಳುತ್ತಾಳೆ.

ಮೂರನೆಯ ದಾರಿಯನ್ನು ನಮ್ಮವರು ಮಾತಿಗೇ ತರುವುದಿಲ್ಲ. ಓದಿಗೆ, ದುಡ್ಡಿಗೆ ಸರಿಯಾದ ಕಾಲೇಜಿಗೆ ಹೋಗಿ ಅಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ಟೀಮಿನಲ್ಲಿ ಆಡುವುದು. ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಒಳ್ಳೆಯ ಕ್ಲಬ್ ಟೀಮುಗಳಿವೆ. ವಾರಕ್ಕೆ ಎರಡು ಮೂರು ದಿನ ಪ್ರಾಕ್ಟೀಸು, ಖುಷಿಯ ಆಟ. ಅಡ್ಮಿಷನ್‌ನಲ್ಲಿ ಕೋಚ್ ಬೆಂಬಲ ಇರುವುದಿಲ್ಲ, ಆಟದ ಹಣವೂ ಇಲ್ಲ. ಆದರೆ ಮಗಳು ಆಟ ಬಿಡಬೇಕಾಗಿಲ್ಲ.

ಯಾವ ದಾರಿ ಆದರೂ ಸರಿ, ಮಗಳನ್ನು ಒಂದು ಮಾತು ಕೇಳಿ: ಮೊದಲ ತಿಂಗಳೇ ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತರೂ ಆ ಕಾಲೇಜಿನಲ್ಲೇ ನಾಲ್ಕು ವರ್ಷ ಇರುತ್ತೀಯಾ? ಇಲ್ಲ ಅಂದರೆ ಅದು ಪಟ್ಟಿಯಲ್ಲಿ ಇರಬಾರದು. ನಾನು ಕೋಚ್ ಆಗಿದ್ದಾಗ ಹೀಗೆ ಪೆಟ್ಟಾಗಿ ಕೂತವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ವರ್ಷ ಮಾಡಬೇಕಾದ ಕೆಲಸ ಜಾಸ್ತಿ ಏನಿಲ್ಲ. ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಉಚಿತ ಖಾತೆ ತೆರೆಯಲಿ. ಡಿವಿಷನ್ 1ಕ್ಕೆ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳ 16 ಕೋರ್ ಕೋರ್ಸ್ ಬೇಕು, ಅದರಲ್ಲಿ 10 ಅನ್ನು 12ನೇ ಗ್ರೇಡಿಗೆ ಮುಂಚೆ ಮುಗಿಸಿರಬೇಕು. ಸ್ಕೂಲ್ ಕೌನ್ಸೆಲರ್ ಜೊತೆ ಕೂತು ಒಂದು ಸಲ ಲೆಕ್ಕ ಹಾಕಿಸಿ. ಎಸ್‌ಎಟಿಯನ್ನು ಎನ್‌ಸಿಎಎ 2023ರಲ್ಲಿ ಕೈಬಿಟ್ಟಿದೆ, ಆದರೆ ಎಷ್ಟೋ ಒಳ್ಳೆಯ ಕಾಲೇಜುಗಳು ಮತ್ತೆ ಕೇಳುತ್ತಿವೆ. ಅಲ್ಲಿ ನಿಮ್ಮ ಯಜಮಾನರ ಮಾತೇ ಸರಿ. ವಿಡಿಯೋ ಮೂರು ನಿಮಿಷ ಸಾಕು. ಹಾಡು ಬೇಡ, ಬರೀ ಗೋಲು ಬೇಡ. ನೆಲದಿಂದ ಚೆಂಡು ಎತ್ತುವುದು, ಡಿಫೆನ್ಸ್, ಡ್ರಾ ಸುತ್ತಿನ ಓಟ ಇರಲಿ. ಪ್ರತಿ ತುಣುಕಿನ ಶುರುವಿನಲ್ಲಿ ಅವಳು ಯಾರು ಅಂತ ಒಂದು ಬಾಣದ ಗುರುತು ಹಾಕಿ. ಮತ್ತೆ ವಾಲ್ ಬಾಲ್. ಸ್ಕೂಲಿನ ಇಟ್ಟಿಗೆ ಗೋಡೆಗೆ ದಿನಾ ಇಪ್ಪತ್ತು ನಿಮಿಷ, ಅದರಲ್ಲಿ ಅರ್ಧ ಎಡಗೈಯಲ್ಲಿ. ಇದಕ್ಕೆ ಒಂದು ಡಾಲರ್ ಕೂಡ ಖರ್ಚಿಲ್ಲ. ಕೋಚ್‌ಗಳು ಎಡಗೈ ನೋಡಿಯೇ ಇವಳು ಒಬ್ಬಳೇ ಇದ್ದಾಗ ಎಷ್ಟು ಆಡುತ್ತಾಳೆ ಅಂತ ಹೇಳಿಬಿಡುತ್ತಾರೆ.

ಫೆಬ್ರವರಿ ಹೊತ್ತಿಗೆ ಇಪ್ಪತ್ತು ಕಾಲೇಜಿನ ಪಟ್ಟಿ ಆಗಲಿ. ಪಟ್ಟಿಯನ್ನು ಮಗಳೇ ಬರೆಯಲಿ, ಹಣದ ಕಾಲಂ ಮಾತ್ರ ನೀವು ತುಂಬಿ. ಮೇ ತಿಂಗಳಲ್ಲಿ ಆ ಇಪ್ಪತ್ತು ಕೋಚ್‌ಗಳಿಗೆ ಅವಳು ಇಮೇಲ್ ಕಳಿಸಲಿ. ವಿಷಯದ ಸಾಲಿನಲ್ಲಿ 2028, ಮಿಡ್‌ಫೀಲ್ಡ್, ಹೆಸರು, ಎಲಿಕಾಟ್ ಸಿಟಿ. ಒಳಗೆ ಮಾರ್ಕ್ಸ್, ವಿಡಿಯೋ ಲಿಂಕ್, ಬೇಸಿಗೆಯ ಪಂದ್ಯಗಳ ದಿನ, ಮೈದಾನ, ಜೆರ್ಸಿ ನಂಬರ್, ಆ ಕಾಲೇಜೇ ಯಾಕೆ ಅಂತ ಎರಡು ಸಾಲು. ಡಿವಿಷನ್ 1ರವರಿಂದ ಉತ್ತರ ಬರುವುದಿಲ್ಲ. ಅದು ನಿಯಮ, ತಿರಸ್ಕಾರ ಅಲ್ಲ. ಇದನ್ನು ಅವಳಿಗೆ ಮುಂಚೆಯೇ ಹೇಳಿಡಿ, ಇಲ್ಲದಿದ್ದರೆ ಜೂನ್ ಪೂರ್ತಿ ಇನ್‌ಬಾಕ್ಸ್ ನೋಡುತ್ತಾ ಕೂರುತ್ತಾಳೆ. ಸೆಪ್ಟೆಂಬರ್ 1ರ ಬೆಳಿಗ್ಗೆ ಫೋನ್ ಬಂದರೆ ಮಾತಾಡಬೇಕಾದವಳು ಅವಳು. ನೀವಿಬ್ಬರೂ ಪಕ್ಕದ ಕೋಣೆಯಲ್ಲಿರಿ.